ತೊಳೆದು ಬೋರಲು ಹಾಕಿದ ಬಾಟಲಿ

ನಮ್ಮ ಮನೆಯಲ್ಲಿ ಗಾಜಿನ ಬಾಟಲಿಯನ್ನು ತೊಳೆದು ಬೋರಲು ಹಾಕುವಂತಿಲ್ಲ. ಇದು ನನ್ನ ಕಾನೂನು. ಮಿಕ್ಕ ವಿಷಯಗಳಲ್ಲಿ ನನ್ನ ಮಾತು ಈಗ ಅಷ್ಟೇನೂ ನಡೆಯುವುದಿಲ್ಲ, ಇದೊಂದನ್ನು ಮಾತ್ರ ಸೊಸೆ ನಗುತ್ತಲೇ ಪಾಲಿಸುತ್ತಾಳೆ. ಹೋದ ವಾರ ಆಕೆ ಅಟ್ಟ ಸ್ವಚ್ಛ ಮಾಡಲು ಹತ್ತಿದವಳು ಹಳೆಯ ಟ್ರಂಕಿನ ಹಿಂದಿನಿಂದ ಒಂದು ಅಗಲ ಬಾಯಿಯ ಬಾಟಲಿ ತೆಗೆದಳು. ಹಸಿರು ಛಾಯೆಯ ದಪ್ಪ ಗಾಜು, ತುಕ್ಕು ಹಿಡಿದ ತಗಡಿನ ಮುಚ್ಚಳ. "ಇದನ್ನ ಗುಜರಿಗೆ ಹಾಕ್ಲೇನ್ರೀ ಅತ್ತಿ?" ಅಂದಳು. ನಾನು ಆಕೆಯ ಕೈಯಿಂದ ಕಸಿದುಕೊಂಡೆ ಅಂತಲೇ ಹೇಳಬೇಕು. ಮುಚ್ಚಳ ತಿರುವಿ ಮೂಗಿಗೆ ಹಿಡಿದೆ.

ಸಾಸಿವೆ, ಇಂಗು, ಹಳೆಯ ನಿಂಬೆ ಉಪ್ಪಿನಕಾಯಿ. ಅದರ ಕೆಳಗೆ ಇನ್ನೊಂದು... ಕಣ್ಣಿಗೆ ಚುಚ್ಚುವ ದವಾಖಾನೆಯ ವಾಸನೆ. ಫಾರ್ಮಾಲಿನ್. ಸೊಸೆ ತಾನೂ ಮೂಸಿ ನೋಡಿ ಬರೀ ಉಪ್ಪಿನಕಾಯಿ ಅಂದಳು. ಆಕೆ ಹೇಳಿದ್ದೇ ನಿಜ ಇರಬೇಕು. ಐವತ್ತು ವರ್ಷ ಯಾವ ಔಷಧದ ವಾಸನೆಯೂ ಉಳಿಯುವುದಿಲ್ಲ. ಜೀವಮಾನವಿಡೀ ನರ್ಸ್ ಆಗಿದ್ದ ನನಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೂ ಕಣ್ಣಲ್ಲಿ ನೀರು ಬಂತು.

ಎಪ್ಪತ್ತರ ದಶಕದ ನಡುವಿನ ಮಾತು. ಹೆರಿಗೆ ನರ್ಸಿನ ತರಬೇತಿ ಮುಗಿಸಿ ನಾನು ಕಲಘಟಗಿ ತಾಲೂಕಿನ ಮಿಶ್ರಿಕೋಟಿಗೆ ಬಂದೆ. ಅಣ್ಣಿಗೇರಿಯ ಕರಿಮಣ್ಣಿನ ಬಯಲಲ್ಲಿ ಬೆಳೆದವಳಿಗೆ ಈ ಸೀಮೆಯೇ ಹೊಸದು. ಸುತ್ತ ಬತ್ತದ ಹೊಲ, ಕೆಂಪು ಮಣ್ಣು, ಹಿಡಿದರೆ ಬಿಡದ ಜಿನುಗು ಮಳೆ. ನನಗೆ ಇಪ್ಪತ್ಮೂರು ವರ್ಷ, ಮದುವೆಯಾಗಿರಲಿಲ್ಲ. ಹೊಲಮನೆಯುಳ್ಳ ಒಂದು ಶಿವಭಕ್ತರ ಮನೆತನದವರು ತಮ್ಮ ಪಡಸಾಲೆಗೆ ಹತ್ತಿದ ಕೋಣೆಯೊಂದನ್ನು ನನಗೆ ಬಿಟ್ಟುಕೊಟ್ಟರು. ಮನೆಯ ಯಜಮಾನರನ್ನು ನಾನು ಅಣ್ಣಾರು ಅನ್ನುತ್ತಿದ್ದೆ. ಅವರ ತಾಯಿಯನ್ನು ಊರೆಲ್ಲ ಕರೆಯುವಂತೆ ನಾನೂ ಆಯಿ ಎಂದೇ ಕರೆದೆ. ಅಣ್ಣಾರ ಹೆಂಡತಿ ನನಗೆ ವೈನಿಯಾದಳು. ಅವಳಿಗೆ ಒಂದು ಹೆಸರಿತ್ತು, ನಾನು ಒಮ್ಮೆಯೂ ಆ ಹೆಸರಿಂದ ಕರೆಯಲಿಲ್ಲ. ಈಗಲೂ ಬರೆಯಲು ಕೈ ಏಳುವುದಿಲ್ಲ.

ವೈನಿಗೆ ಆಗ ಮೂವತ್ತೈದರ ಆಸುಪಾಸು, ಇಬ್ಬರು ಹೆಣ್ಣುಮಕ್ಕಳು. ಬಿತ್ತನೆಯ ಬತ್ತ ಆರಿಸುವುದರಲ್ಲಿ ಅವಳನ್ನು ಮೀರಿಸುವವರು ಆ ಓಣಿಯಲ್ಲಿರಲಿಲ್ಲ. ಬಾಯಿ ಯಾರದೋ ಸುದ್ದಿ ಹೇಳುತ್ತಿದ್ದರೆ ಬೆರಳು ಮೊರದೊಳಗೆ ತಾನಾಗಿ ಓಡಾಡುತ್ತಿತ್ತು. ಜೊಳ್ಳು ಕಾಳು ಬೆರಳಿಗೆ ತಾಗಿದ್ದೇ ತಡ, ಅಂಗಳಕ್ಕೆ ಹಾರುತ್ತಿತ್ತು. ಎಲ್ಲಿ ಕಾಯಬೇಕೆಂದು ಗುಬ್ಬಿಗಳಿಗೂ ಗೊತ್ತಿತ್ತು. ನನಗೆ ರೊಟ್ಟಿ ಬಡಿಯಲು ಕಲಿಸಿದವಳೂ ಅವಳೇ. "ನಿನ್ನ ರೊಟ್ಟಿಗೆ ಏಳೆಂಟು ಮೂಲಿ ಅದಾವಲ್ಲ ತಂಗಿ, ಯಾವ ಮೂಲಿಯಿಂದ ತಿನ್ನಾಕ ಸುರು ಮಾಡ್ಲಿ?" ಎಂದು ಗಂಭೀರವಾಗಿ ಕೇಳುತ್ತಿದ್ದಳು. ನನ್ನ ಸ್ವಂತ ಅಕ್ಕಂದಿರು ಯಾರೂ ನನ್ನನ್ನು ಹಾಗೆ ನಗಿಸಿದ್ದಿಲ್ಲ.

ಆ ಮನೆಯದೊಂದು ಕಥೆಯನ್ನು ವೈನಿ ಮೊದಲ ತಿಂಗಳಲ್ಲೇ ಹೇಳಿದ್ದಳು. ಅವಳ ಮಾವ ಒಮ್ಮೆ ಕಬ್ಬಿನ ಗಾಣಕ್ಕೆ ಕೈ ಸಿಕ್ಕಿಸಿಕೊಂಡು ಒಂದು ಬೆರಳು ಕಳೆದುಕೊಂಡರಂತೆ. ಆಯಿ ಆ ಬೆರಳಿಗೆ ವಿಭೂತಿ ಹಚ್ಚಿ, ಬಿಲ್ವಪತ್ರೆ ಇಟ್ಟು, ಹಿರಿಯರನ್ನೆಲ್ಲ ಮಣ್ಣು ಮಾಡಿದ ಹೊಲದ ಮೂಲೆಯಲ್ಲಿ ಹುಗಿದು ಬಂದಳಂತೆ. ಮುಂದೆ ಹನ್ನೊಂದು ವರ್ಷಕ್ಕೆ ಮಾವ ತೀರಿಕೊಂಡಾಗ ಅದರ ಪಕ್ಕದಲ್ಲೇ ಅವರ ಸಮಾಧಿಯಾಯಿತು. ಮನೆಯಲ್ಲಿ ಹುಟ್ಟಿದ ಕೂಸುಗಳ ಮಾಸು, ಹೊಕ್ಕಳ ಬಳ್ಳಿ, ಎಲ್ಲವೂ ತಮ್ಮದೇ ಮಣ್ಣಿಗೆ. ದೇವರು ಪೂರ್ತಿ ಕೊಟ್ಟ ಮೈ ಪೂರ್ತಿಯಾಗಿಯೇ ಹಿಂದಿರುಗಬೇಕು ಅನ್ನುವುದು ಆಯಿಯ ನಂಬಿಕೆ. "ನಮ್ಮ ಮಾವನವರು ಎರಡ ಕಂತಿನ್ಯಾಗ ಹ್ವಾದ್ರು ನೋಡ," ಎಂದು ವೈನಿ ಸೆರಗು ಬಾಯಿಗೆ ಹಿಡಿದು ನಕ್ಕಳು. ನಾನೂ ನಕ್ಕೆ. ಕೇಳಿ ನಕ್ಕು ಮರೆತುಬಿಟ್ಟೆ... ಮರೆಯಬಾರದಿತ್ತು.

ಮುಂಗಾರಿಗೆ ಮೊದಲು, ಬಿತ್ತನೆಯ ಗಡಿಬಿಡಿಯಲ್ಲಿ, ಒಂದು ಬೆಳಿಗ್ಗೆ ವೈನಿ ಬಚ್ಚಲಿಂದ ನನ್ನನ್ನು ಕೂಗಿದಳು. ಎಡ ಎದೆಯ ಮೇಲ್ಭಾಗದಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು. "ಬತ್ತದಾಗ ಕಲ್ಲು ಸಿಕ್ಕಂಗ ಕೈಗೆ ಸಿಕ್ತು," ಅಂದಳು. ನಾನು ಕೈಯಿಟ್ಟು ನೋಡಿದೆ. ನೋವಿರಲಿಲ್ಲ. ತಳ್ಳಿದರೆ ಜಾರುತ್ತಿತ್ತು. ಕಂಕುಳಲ್ಲಿ ಏನೂ ಇರಲಿಲ್ಲ. ಎದೆಯ ಕ್ಯಾನ್ಸರ್ ಕಲ್ಲಿನಂತೆ ಗಟ್ಟಿ, ಒಳಗೆ ಅಂಟಿಕೊಂಡಿರುತ್ತದೆ, ಚರ್ಮ ಒಳಕ್ಕೆಳೆಯುತ್ತದೆ, ಕಂಕುಳಿಗೆ ಹಬ್ಬುತ್ತದೆ ಎಂದು ತರಬೇತಿಯಲ್ಲಿ ಕಲಿಸಿದ್ದರು. ಇಲ್ಲಿ ಆ ಲಕ್ಷಣ ಒಂದೂ ಕಾಣಲಿಲ್ಲ. "ಸಾದಾ ಗಂಟ ಇದ್ದಂಗ ಐತ್ರಿ. ಆದ್ರೂ ಡಾಕ್ಟರಿಗೆ ತೋರಸೂಣು," ಅಂದೆ. "ಬಿತ್ತಿಗಿ ಮುಗೀಲಿ," ಅಂದಳು. ಬಿತ್ತನೆ ಮುಗಿಯಿತು, ಕಳೆ ಬಂತು. ಊರಿನ ನಾಟಿ ವೈದ್ಯರೊಬ್ಬರು ಕೊಟ್ಟ ಲೇಪವನ್ನು ಹದಿನೈದು ದಿನ ಹಚ್ಚಿದ್ದಾಯಿತು. ಎರಡೂವರೆ ತಿಂಗಳಲ್ಲಿ ಆ ನಿಂಬೆಹಣ್ಣು ದೊಡ್ಡ ಮೋಸಂಬಿಯಾಗಿತ್ತು. ಮೇಲಿನ ಚರ್ಮ ಬಿಗಿದು ಹೊಳೆಯುತ್ತಿತ್ತು, ನೀಲಿ ನರಗಳು ಎದ್ದು ಕಾಣುತ್ತಿದ್ದವು. ಇನ್ನು ನಾನು ಯಾರ ಮಾತೂ ಕೇಳಲಿಲ್ಲ, ಕೈ ಹಿಡಿದು ಕಲಘಟಗಿಯ ಬಸ್ಸು ಹತ್ತಿಸಿದೆ.

ಅಲ್ಲಿನ ಡಾಕ್ಟರು ವಯಸ್ಸಾದವರು, ಮಾತು ಕಡಿಮೆ, ನಶ್ಯ ಜಾಸ್ತಿ. ಬಹಳ ಹೊತ್ತು ಪರೀಕ್ಷಿಸಿ ನನ್ನನ್ನು ಹೊರಗೆ ಕರೆದು, "ಕಂಕಳದಾಗ ಏನಿಲ್ಲ, ಅದು ಛಲೋನ. ಆದ್ರ ಇದು ಇಷ್ಟ ಗಡಬಡಿ ಮಾಡಿ ಯಾಕ ಬೆಳದದ? ಈ ಗಡಬಡಿ ನನಗ ಸೇರವಲ್ತು," ಅಂದರು. ಗಂಟನ್ನು ತೆಗೆದು ಹುಬ್ಬಳ್ಳಿಗೆ ಪರೀಕ್ಷೆಗೆ ಕಳಿಸಬೇಕು, ಬರುವಾಗ ಮುಚ್ಚಳವಿರುವ ಅಗಲ ಬಾಯಿಯ ಬಾಟಲಿ ತನ್ನಿ ಎಂದರು. ವೈನಿ ತನ್ನ ಉಪ್ಪಿನಕಾಯಿ ಬಾಟಲಿಯನ್ನು ಬರಿದು ಮಾಡಿ, ಬೂದಿ ಹಚ್ಚಿ ತಿಕ್ಕಿ ಕೊಟ್ಟಳು. ಎಷ್ಟು ತಿಕ್ಕಿದರೂ ಸಾಸಿವೆಯ ವಾಸನೆ ಹೋಗಲಿಲ್ಲ. "ನನ್ನ ಗಂಟು ರುಚಿಯಾಗೇ ಹೋಗಲಿ ಬಿಡು," ಅಂದಳು.

ಶಸ್ತ್ರಕ್ರಿಯೆ ಸಲೀಸಾಗಿ ಆಯಿತು. ನಾನು ಅಲ್ಲೇ ನಿಂತು ನೋಡಿದೆ. ತಿಳಿಗುಲಾಬಿ ಬಣ್ಣದ ಮುದ್ದೆ, ಸುಲಭವಾಗಿ ಬಿಡಿಸಿಕೊಂಡು ಬಂತು. ಡಾಕ್ಟರು ಅದನ್ನು ಬಾಟಲಿಗೆ ಹಾಕಿ ಫಾರ್ಮಾಲಿನ್ ಸುರಿದರು. "ದುರ್ಬೀನಿನ ಕೆಳಗ ನೋಡದನ ಇದೇನಂತ ಯಾರಿಗೂ ಹೇಳಾಕ ಆಗೂದಿಲ್ಲ. ನರ್ಸ್ ಬಾಯಾರ, ಇದರ ಜವಾಬ್ದಾರಿ ನಿಮ್ಮದು." ವೈನಿಯನ್ನು ಅವಳ ತಂಗಿಯ ಜೊತೆ ಆಸ್ಪತ್ರೆಯಲ್ಲಿ ಬಿಟ್ಟು, ಮಧ್ಯಾಹ್ನದ ಬಸ್ಸಿಗೆ ನಾನು ಬಾಟಲಿ ಹಿಡಿದು ಮಿಶ್ರಿಕೋಟಿಗೆ ಬಂದೆ. ಮರುದಿನ ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಹೋಗುವುದೆಂದು ಲೆಕ್ಕ.

ಆಯಿ ಬಾಗಿಲಲ್ಲೇ ಕಾಯುತ್ತಿದ್ದಳು. ಸೊಸೆ ಹುಷಾರಾಗಿದ್ದಾಳೆ ಎಂದು ಕೇಳಿ ಕೈ ಮುಗಿದಳು. ಆಮೇಲೆ ಬಾಟಲಿಯ ಕಡೆ ನೋಡಿ, ಅದೇನೆಂದು ಕೇಳಿದಳು. ನಾನು ಹೇಳಿದೆ. ಹೊಸ ನರ್ಸಿನ ಜಂಬ ನನಗೆ. ಹುಬ್ಬಳ್ಳಿಯಲ್ಲಿ ಇದನ್ನು ಅಡಕೆ ಹೋಳಿಗಿಂತ ತೆಳ್ಳಗೆ ಕೊಯ್ಯುತ್ತಾರೆ, ಬಣ್ಣ ಹಾಕುತ್ತಾರೆ, ಗಾಜಿನ ಮೇಲಿಟ್ಟು ನೋಡುತ್ತಾರೆ, ಉಳಿದದ್ದನ್ನು ಬಿಸಾಕುತ್ತಾರೆ ಎಂದೆಲ್ಲ ವಿವರಿಸಿದೆ. ಅಷ್ಟರಲ್ಲಿ ದೇವಿಕೊಪ್ಪದಿಂದ ಚಕ್ಕಡಿ ಬಂದು ನಿಂತಿತು. ಕೂಸು ಅಡ್ಡ ಸಿಕ್ಕಿಕೊಂಡಿದೆ, ಬೇಗ ಬರಬೇಕು ಎಂದರು. ಬಾಟಲಿಯನ್ನು ನನ್ನ ಕೋಣೆಯ ಗೂಡಿನಲ್ಲಿಟ್ಟು, ಇದನ್ನು ಯಾರೂ ಮುಟ್ಟಬಾರದು ಎಂದು ಆಯಿಗೆ ಹೇಳಿ ಚಕ್ಕಡಿ ಹತ್ತಿದೆ. ತಾಯಿಯೂ ಕೂಸೂ ಉಳಿದರು. ವಾಪಸ್ ಬರುವಾಗ ಮರುದಿನ ಮಧ್ಯಾಹ್ನ.

ಹಿತ್ತಲಿನ ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಆ ಬಾಟಲಿ ಬೋರಲಾಗಿ ನಿಂತಿತ್ತು. ಹೊಸದಾಗಿ ತೊಳೆದದ್ದು, ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಒಂದು ಕ್ಷಣ ನನಗೆ ಅರ್ಥವೇ ಆಗಲಿಲ್ಲ.

"ಆಯೀ, ಇದರಾಗಿಂದ ಎಲ್ರೀ?"

"ಅದರ ಜಾಗಾಕ್ಕ ಅದು ಹೋತ ಯವ್ವಾ," ಅಂದಳು ಆಯಿ, ಶಾಂತವಾಗಿ. "ಈಬತ್ತಿ ಹಚ್ಚಿ, ಪತ್ರಿ ಏರಿಸಿ, ಮಣ್ಣ ಮಾಡಿ ಬಂದೀನಿ. ನನ್ನ ಸೊಸಿ ಮೈನ ಕಂಡಕಂಡವರು ಹೋಳ ಮಾಡಿ ಒಗೀತಾರಂದ್ರ ನಾ ಸುಮ್ಮನಿರಲೇನ?"

ನಾನು ಆ ಮನೆಯಲ್ಲಿ ಮೊದಲ ಸಲ ದನಿ ಎತ್ತಿದೆ. ಏನೇನು ಅಂದೆನೋ ನೆನಪಿಲ್ಲ. ಹೊಲಕ್ಕೆ ಓಡಿ, ಆಯಿ ಗುರುತಿಗೆ ಇಟ್ಟಿದ್ದ ಕಲ್ಲನ್ನು ಸರಿಸಿ, ಕೈಯಿಂದಲೇ ಬಗೆದೆ. ಬೆಳಿಗ್ಗೆ ಮಳೆಯಾಗಿತ್ತು. ಇರುವೆ ಮುತ್ತಿದ್ದವು. ಸಿಕ್ಕಷ್ಟನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಕಲಘಟಗಿಗೆ ಒಯ್ದೆ. ಡಾಕ್ಟರು ಬಿಚ್ಚಿ ನೋಡಿ, ಮತ್ತೆ ಕಟ್ಟಿದರು.

"ಇದು ಈಗ ಮಣ್ಣು, ಬಾಯಾರ."

ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಇಂಥ ಗಂಟುಗಳು ಬಹಳಷ್ಟು ಸಾದಾವೇ ಇರುತ್ತವೆ, ಕಾಯುವುದು ಬಿಟ್ಟು ಬೇರೆ ದಾರಿಯಿಲ್ಲ ಎಂದರು. "ತಿಂಗಳಿಗೊಮ್ಮೆ ನೀವು ಕೈ ಇಟ್ಟ ನೋಡ್ರಿ. ಅದ ಜಾಗಾದಾಗ ಮತ್ತ ಬಂತಂದ್ರ ಒಂದ ದಿನಾನೂ ನಿಲ್ಲಬ್ಯಾಡ್ರಿ. ಇಲ್ಲಿಗೂ ಬರಬ್ಯಾಡ್ರಿ, ಸೀದಾ ಹುಬ್ಬಳ್ಳಿಗೆ ಹೋಗ್ರಿ."

ಆ ಬಟ್ಟೆಯ ಗಂಟನ್ನು ಹೊಲದಲ್ಲಿ ಮತ್ತೆ ಅಲ್ಲೇ ಹುಗಿದು, ಕಲ್ಲಿಟ್ಟು ಮನೆಗೆ ಬಂದರೆ ಆಯಿ ನನ್ನ ಕೈ ಹಿಡಿದುಕೊಂಡಳು. ತಾನೇನೋ ದೊಡ್ಡ ತಪ್ಪು ಮಾಡಿದ್ದೇನೆಂದು ಅವಳಿಗೆ ನನ್ನ ಮುಖ ನೋಡಿಯೇ ತಿಳಿದಿತ್ತು. "ಆಕಿಗೆ ಹೇಳಬ್ಯಾಡ ಯವ್ವಾ. ಹೆದರಿ ಸಾಯ್ತಾಳ," ಅಂದಳು. ಎಂಟು ದಿನಕ್ಕೆ ಹೊಲಿಗೆ ಬಿಚ್ಚಿಸಿಕೊಂಡು ವೈನಿ ಮನೆಗೆ ಬಂದಾಗ ಮೊದಲು ಕೇಳಿದ್ದೇ ಅದು: ಹುಬ್ಬಳ್ಳಿಯಿಂದ ಏನು ಬಂತು?

"ಏನೂ ಇಲ್ಲಂತ್ರಿ ವೈನಿ. ಸಾದಾ ಗಂಟಂತ," ಅಂದೆ.

ಆ ಬಾಟಲಿಯನ್ನು ನಾನು ನನ್ನ ಟ್ರಂಕಿನ ಹಿಂದೆ, ಹಳೆ ಸೀರೆಯಲ್ಲಿ ಸುತ್ತಿ ಮುಚ್ಚಿಟ್ಟಿದ್ದೆ.

ಆಮೇಲಿನ ನಾಲ್ಕು ತಿಂಗಳು ಹಾಗೇ ಕಳೆದವು. ಅಷ್ಟು ಚೆಂದದ ದಿನಗಳು ನನ್ನ ಬದುಕಿನಲ್ಲಿ ಮತ್ತೆ ಬರಲಿಲ್ಲ. ವೈನಿ ಮೊದಲಿಗಿಂತ ಹೆಚ್ಚು ನಗುತ್ತಿದ್ದಳು. ಶ್ರಾವಣದಲ್ಲಿ ಮಕ್ಕಳಿಗಿಂತ ಮೊದಲು ತಾನೇ ಜೋಕಾಲಿ ಹತ್ತಿದಳು. ಹೊಲಿಗೆಯ ಜಾಗ ಹಿಗ್ಗೀತು ಎಂದು ನಾನು ಕೂಗಿದರೆ, "ನೀ ನರ್ಸೋ ನಮ್ಮತ್ತಿಯೋ?" ಎಂದು ಮತ್ತಷ್ಟು ಜೀಕಿದಳು. ಸಂಜೆ ಅಂಗಳದಲ್ಲಿ ಇಬ್ಬರೂ ಕೂತು ಅವರೆಕಾಯಿ ಸುಲಿಯುತ್ತ, ನನ್ನನ್ನು ನೋಡಲು ಬಂದ ಗಂಡುಗಳಲ್ಲಿ ಅವಳು ಒಬ್ಬೊಬ್ಬರಿಗೂ ಒಂದೊಂದು ಅಡ್ಡಹೆಸರು ಇಡುತ್ತಿದ್ದಳು. ತಿಂಗಳಿಗೊಮ್ಮೆ ನಾನು ಏನಾದರೂ ನೆಪ ಮಾಡಿ ಅವಳ ಗಾಯದ ಮೇಲೆ ಕೈಯಿಟ್ಟು ನೋಡುತ್ತಿದ್ದೆ. ಮೊದಲ ತಿಂಗಳು ಏನೂ ಇರಲಿಲ್ಲ. ಎರಡನೆಯ ತಿಂಗಳು, ಮೂರನೆಯ ತಿಂಗಳು... ನನ್ನ ಸುಳ್ಳೇ ನಿಜವಾಯಿತೆಂದು ನಾನು ನಂಬತೊಡಗಿದೆ. ಆಯಿಯೂ ನನ್ನ ಮುಖ ನೋಡಿ ನಂಬಿದಳು.

ಬತ್ತದ ಕೊಯ್ಲಿನ ಹೊತ್ತಿಗೆ ಹೊಲಿಗೆಯ ಗೆರೆಯ ಕೆಳಗೆ ಬೆರಳಿಗೆ ಸಿಕ್ಕಿತು. ನಾನು ಕೈ ತೆಗೆಯಲಿಲ್ಲ, ಅವಳ ಮುಖವನ್ನೂ ನೋಡಲಿಲ್ಲ. "ಬಂತನ?" ಅಂದಳು. "ನಾಳೆ ಹುಬ್ಬಳ್ಳಿಗೆ ಹೋಗೂಣ್ರಿ," ಅಂದೆ.

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯ ಸರ್ಜನ್ನರು ಕಾಗದ ಹಿಡಿದು ಕೂತು ಮೊದಲು ಕೇಳಿದ್ದು, "ಹಿಂದ ತಗದಿದ್ದ ಗಂಟಿನ ರಿಪೋರ್ಟ್ ಎಲ್ಲಿ?" ಜೊತೆಗೆ ಬಂದಿದ್ದ ಅಣ್ಣಾರಿಗೂ ವಿಷಯ ಗೊತ್ತಿರಲಿಲ್ಲ. ಅವರು ನನ್ನ ಕಡೆ ನೋಡಿದರು. ಅಷ್ಟರಲ್ಲಿ ವೈನಿ ಸೆರಗು ಸರಿಮಾಡಿಕೊಂಡು, "ಅದು ಕಳದೈತ್ರಿ ಸಾಹೇಬ್ರ. ನನ್ನ ಕಡೆನ ಇತ್ತು, ಎಲ್ಲೋ ಇಟ್ಟ ಮರತೀನಿ," ಅಂದಳು. ಸಾಹೇಬರು ಅವಳನ್ನು ಚೆನ್ನಾಗಿಯೇ ಗದರಿದರು. ವೈನಿ ತಲೆ ತಗ್ಗಿಸಿ ಕೇಳಿಸಿಕೊಂಡಳು. ಯಾಕೆ ಹಾಗೆ ಹೇಳಿದಳೆಂದು ನನಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ.

ಈ ಸಲ ಗಂಟಿನ ಚೂರು ತೆಗೆದು ಪರೀಕ್ಷೆಗೆ ಹಾಕಿದರು. ಫಲಿತಾಂಶಕ್ಕೆ ಹತ್ತು ದಿನ ಹಿಡಿಯಿತು. ನಾನು ನರ್ಸ್ ಎಂದು ತಿಳಿದು ಪ್ರಯೋಗಾಲಯದ ಡಾಕ್ಟರರು ಸೂಕ್ಷ್ಮದರ್ಶಕಕ್ಕೆ ಕಣ್ಣಿಡಲು ಕರೆದರು. ನೇರಳೆ ಬಣ್ಣದ ಉದ್ದುದ್ದ ಕಣಗಳು, ಎರಡೂ ತುದಿ ಚೂಪು, ಒತ್ತೊತ್ತಾಗಿ ಒಂದೇ ದಿಕ್ಕಿಗೆ ಮಲಗಿದ್ದವು. ಮೊರದಲ್ಲಿ ಬತ್ತ ಹರಡಿದಂತೆಯೇ ಕಂಡಿತು ನನಗೆ. ಎಲ್ಲ ಬಿಟ್ಟು ಬತ್ತವೇ ಕಾಣಬೇಕೇ ಎಂದು ಸಿಟ್ಟು ಬಂತು.

ಅವರು ಸಾವಕಾಶವಾಗಿ ತಿಳಿಸಿ ಹೇಳಿದರು. ಎದೆಯ ಕ್ಯಾನ್ಸರ್ ಸಾಮಾನ್ಯವಾಗಿ ಹಾಲು ಬರುವ ನಾಳಗಳಲ್ಲಿ ಹುಟ್ಟುತ್ತದೆ. ಇದು ಹಾಗಲ್ಲ. ಆ ನಾಳಗಳನ್ನು ಹಿಡಿದು ನಿಲ್ಲಿಸಿರುವ, ಅವುಗಳ ಸುತ್ತಲಿನ ಅಂಗಾಂಶದಲ್ಲಿ ಹುಟ್ಟಿದ್ದು. ಹೆಸರು ಸಾರ್ಕೋಮಾ. ಅವರು ತಮ್ಮ ನೌಕರಿಯಲ್ಲಿ ಎದೆಯಲ್ಲಿ ಇದನ್ನು ಕಂಡದ್ದು ಇದು ಎರಡನೆಯ ಸಲವಂತೆ. ಇದು ಕಂಕುಳ ಗಂಟುಗಳಿಗೆ ಹೋಗುವುದು ಅಪರೂಪ, ರಕ್ತದ ದಾರಿ ಹಿಡಿದು ಪುಪ್ಪುಸಕ್ಕೆ ಹೋಗುತ್ತದೆ. ಹೊರಗಿನಿಂದ ನೋಡಿದರೆ ನುಣ್ಣಗೆ, ಬೇರೆಯಾಗಿ ಕಾಣುತ್ತದೆ, ಅದೇ ಮೋಸ. ಬರೀ ಗಂಟನ್ನು ಬಿಡಿಸಿ ತೆಗೆದರೆ ಸುತ್ತ ಕಣ್ಣಿಗೆ ಕಾಣದಷ್ಟು ಉಳಿದುಬಿಡುತ್ತದೆ. "ಸುತ್ತಲಿನ ಛಲೋ ಮಾಂಸದ ಸಮೇತ ಅಗಲಾಗಿ ತಗೀಬೇಕು. ಅದ ಇದಕ್ಕ ಖರೇ ಉಪಚಾರ. ಮೊದಲನೇ ಸಲಾನ ಸ್ಲೈಡ್ ನೋಡಿದ್ರ, ಆವಾಗನ ಮತ್ತ ಅಗಲಾಗಿ ತಗೀಬಹುದಿತ್ತು," ಎಂದು ಹೇಳಿ ಅವರು ಕನ್ನಡಕ ಒರೆಸಿಕೊಂಡರು. ನಾನು ಮೆಟ್ಟಿಲ ಮೇಲೆ ಬಂದು ಕೂತೆ.

ಎದೆಯನ್ನು ಪೂರ್ತಿ ತೆಗೆಯಬೇಕೆಂದಾಗ ಅಣ್ಣಾರು ಅತ್ತರು, ವೈನಿ ಅಳಲಿಲ್ಲ. "ಎರಡ ಕೂಸಿಗೆ ಹಾಲ ಕೊಟ್ಟೀನಿ. ಅದರ ಕೆಲಸ ಮುಗದೈತಿ," ಅಂದಳು.

ಶಸ್ತ್ರಕ್ರಿಯೆಯ ದಿನ ನಡೆದದ್ದನ್ನು ನಾನು ಸಾಯುವವರೆಗೆ ಮರೆಯಲಾರೆ. ತೆಗೆದದ್ದನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಊರಿನ ಇನ್ನೊಂದು ತುದಿಯಲ್ಲಿದ್ದ ಪ್ರಯೋಗಾಲಯಕ್ಕೆ ಮುಟ್ಟಿಸಬೇಕಿತ್ತು. ನಾನು ಕೈ ಚಾಚಿದೆ. ನನಗಿಂತ ಮೊದಲು ಆಯಿ ಚಾಚಿದಳು. ಹುಬ್ಬಳ್ಳಿಯ ಬೀದಿಗೆ ಹೆದರುತ್ತಿದ್ದ, ಮೋಟಾರು ಕಂಡರೆ ಗೋಡೆಗೆ ಅಂಟಿ ನಿಲ್ಲುತ್ತಿದ್ದ ಮುದುಕಿ. "ನಾ ಒಯ್ತೀನಿ. ನನ್ನ ಕೈಯಿಂದನ ಹೋಗಬೇಕು," ಅಂದಳು. ಟಾಂಗಾದಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಿಂದ ಅಪ್ಪಿ ಹಿಡಿದು, ದಾರಿಯುದ್ದಕ್ಕೂ ತುಟಿ ಪಿಟಿಪಿಟಿ ಮಾಡುತ್ತ ಕೂತಿದ್ದಳು. ಪ್ರಯೋಗಾಲಯದ ಮೇಜಿನ ಮೇಲೆ ತಾನೇ ಇಟ್ಟಳು. "ಎಷ್ಟ ಬೇಕೋ ಅಷ್ಟ ಕೊಯ್ದು ನೋಡ್ರಿಯಪ್ಪಾ. ಏನೂ ಬಿಡಬ್ಯಾಡ್ರಿ. ಸರಿಯಾಗಿ ನೋಡ್ರಿ," ಎಂದು ಆ ಡಾಕ್ಟರರಿಗೆ ಕೈ ಮುಗಿದಳು. ಉಳಿದದ್ದನ್ನು ವಾಪಸ್ ಕೊಡಿ ಎಂದು ಅವಳು ಕೇಳುತ್ತಾಳೆಂದು ನಾನು ಕಾದೆ. ಕೇಳಲಿಲ್ಲ.

ಆಮೇಲೆ ಕರೆಂಟು ಕೊಟ್ಟರು. ಕಿರಣ ಹಾಯಿಸುವುದಕ್ಕೆ ನಮ್ಮ ಕಡೆ ಹಾಗೇ ಅನ್ನುವುದು. ಒಂದು ತಿಂಗಳಿಗೂ ಮಿಕ್ಕಿ ವೈನಿ ಹುಬ್ಬಳ್ಳಿಯ ನೆಂಟರ ಮನೆಯಲ್ಲಿದ್ದಳು. ರವಿವಾರ ರವಿವಾರ ನಾನು ಹೋಗುತ್ತಿದ್ದೆ. ಕಿರಣ ಎಲ್ಲಿ ಬೀಳಬೇಕೆಂದು ಎದೆಯ ಮೇಲೆ ನೇರಳೆ ಶಾಯಿಯಲ್ಲಿ ಗೆರೆ ಎಳೆದಿದ್ದರು, ಅದನ್ನು ತೊಳೆಯುವಂತಿರಲಿಲ್ಲ. "ನೋಡ, ಹೊಲದ ನಕಾಶಿ ತಗದಾರ. ಬದು ಎಲ್ಲೈತಿ, ಬಾಂದಗಲ್ಲು ಎಲ್ಲೈತಿ, ಎಲ್ಲಾ ಪಕ್ಕಾ," ಎಂದು ತೋರಿಸಿದಳು. ಚರ್ಮ ಸುಟ್ಟು ಕಪ್ಪಾಗಿತ್ತು. ನಾನು ನಗಲು ನೋಡಿದೆ, ಆಗಲಿಲ್ಲ. ಅವಳೇ ನಕ್ಕಳು.

ಒಂದು ವರ್ಷ ಅವಳು ನೆಟ್ಟಗಿದ್ದಳು. ಕುಪ್ಪಸದೊಳಗೆ ಹತ್ತಿ ತುಂಬಿದ ಬಟ್ಟೆಯ ಗಂಟು ಹೊಲಿದುಕೊಂಡು ಸಂತೆಗೆ ಹೋಗುತ್ತಿದ್ದಳು, ಬತ್ತ ಆರಿಸುತ್ತಿದ್ದಳು. ಅಷ್ಟರಲ್ಲಿ ನನಗೆ ನವಲಗುಂದದ ಕಡೆ ವರ್ಗವಾಯಿತು. ಹೊರಡುವ ದಿನ ಬೆಳಿಗ್ಗೆ ವೈನಿ ನನ್ನ ಕೋಣೆಗೆ ಬಂದಳು. ಕೈಯಲ್ಲಿ ನಿಂಬೆ ಉಪ್ಪಿನಕಾಯಿ ತುಂಬಿದ ಬಾಟಲಿ. ಹಸಿರು ಗಾಜಿನ ಅದೇ ಬಾಟಲಿ. ಟ್ರಂಕಿನ ಹಿಂದೆ ಕೈಹಾಕಿ ನೋಡಿದೆ, ಬರೀ ಹಳೆ ಸೀರೆ ಸಿಕ್ಕಿತು.

"ಕುದಿಯೂ ನೀರಾಗ ಹಾಕಿ, ಬೂದಿ ಹಚ್ಚಿ ಏಳ ಸಲ ತೊಳದೀನಿ. ನನ್ನ ಮೈನ ಇದ್ದದ್ದು ಇದರಾಗ, ನಿನಗೇನ ಹೇಸಿಗಿ?" ಅಂದಳು. "ಹಿಂದ ನಾ ದವಾಖಾನಿಯಿಂದ ಬಂದ ನಾಕ ದಿನಕ್ಕ ನಿನ್ನ ಕ್ವಾಣಿ ಕಸಾ ಹೊಡಿಯೂ ಮುಂದ ಟ್ರಂಕಿನ ಹಿಂದ ಸಿಕ್ತು. ಹುಬ್ಬಳ್ಳಿಗೆ ಹೋದ ಬಾಟ್ಲಿ ತಾನ ಬಸ್ ಹತ್ತಿ ಮನಿಗೆ ಬರತೈತೇನ ಹುಚ್ಚಿ? ಹೊಲಕ್ಕ ಹೋದ್ರ ಮಾವನವರ ಬಾಜೂಕ ಹೊಸಾ ಕಲ್ಲು. ಬಸ್ಸಿನ್ಯಾಗ ಟಾವೆಲ್ ಒಗದಂಗ ನಮ್ಮತ್ತಿ ನನಗ ಜಾಗಾ ಹಿಡದಿಟ್ಟಿದ್ಲು."

ಎಲ್ಲ ಗೊತ್ತಿದ್ದೂ ನಾಲ್ಕು ತಿಂಗಳು ಜೋಕಾಲಿಯಾಡಿದಳೇ, ಹುಬ್ಬಳ್ಳಿಯಲ್ಲಿ ನನ್ನ ಬದಲು ಬೈಸಿಕೊಂಡಳೇ... ನಾನು ಅವಳ ಕಾಲು ಹಿಡಿಯಲು ಬಾಗಿದೆ. ತೋಳು ಹಿಡಿದು ಎಬ್ಬಿಸಿದಳು. ಗೊತ್ತಿದ್ದ ಮೇಲೆ ಆಗಲೇ ಯಾಕೆ ಕೇಳಲಿಲ್ಲ, ಮರುದಿನವೇ ಹುಬ್ಬಳ್ಳಿಗೆ ಹೋಗಬಹುದಿತ್ತಲ್ಲ ಎಂದು ಅಳುತ್ತಲೇ ಜಗಳ ತೆಗೆದೆ.

"ನೀ ಹೇಳಿದ ಸುಳ್ಳು ನನಗೂ ಬೇಕಾಗಿತ್ತು ತಂಗಿ," ಅಂದಳು. "ನನಗೂ ಹೆದರಿಕಿ ಇತ್ತು. ಆ ನಾಕ ತಿಂಗಳ ನಾ ಅಗದಿ ಛಲೋ ಇದ್ದೆ. ಅದನ್ನ ನೀ ಕೊಟ್ಟಿದ್ದು." ಬಾಟಲಿಯನ್ನು ನನ್ನ ಕೈಗೆ ಕೊಟ್ಟು ಮತ್ತೆ ಹೇಳಿದಳು. "ಇನ್ನೊಂದ ಕೆಲಸ ಐತಿ. ಇವತ್ತಲ್ಲ ನಾಳೆ ಅತ್ತಿ ನಿನ್ನ ಒಂದ ಮಾತ ಕೇಳತಾಳ. ಆವಾಗ ಇಲ್ಲ ಅಂದಬಿಡು. ಯೋಚನಿ ಮಾಡಕೋತ ನಿಲ್ಲಬ್ಯಾಡ. ನಿನ್ನ ಮಾರಿ ಮ್ಯಾಲೆ ಎಲ್ಲಾ ಕಾಣತೈತಿ."

ನವಲಗುಂದಕ್ಕೆ ಅವಳ ದೊಡ್ಡ ಮಗಳ ಕೈಬರಹದ ಕಾರ್ಡುಗಳು ಬರುತ್ತಿದ್ದವು. ಅವ್ವನಿಗೆ ಕೆಮ್ಮು ಅಂತ ಒಂದು. ಎದೆಯ ಎಕ್ಸ್‌ರೇ ತೆಗೆಸಿದೆವು, ಗೋಲಿಯಂಥ ಬಿಳಿ ಕಲೆಗಳು ಕಂಡಿವೆ ಅಂತ ಇನ್ನೊಂದು. ಅದನ್ನು ಓದಿದ ದಿನ ನನಗೆ ಎಲ್ಲ ತಿಳಿದುಹೋಯಿತು. ರಜೆ ಸಿಕ್ಕಿ ನಾನು ಹೋಗುವಷ್ಟರಲ್ಲಿ ವೈನಿಯನ್ನು ಮಣ್ಣು ಮಾಡಿ ಎರಡು ದಿನವಾಗಿತ್ತು.

ಆಯಿ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದಳು. ಹಸಿ ಮಣ್ಣಿನ ಗುಪ್ಪೆಯ ಪಕ್ಕದಲ್ಲಿ ಆ ಸಣ್ಣ ಕಲ್ಲು ಹಾಗೇ ಇತ್ತು. ಆಯಿ ಅದನ್ನೇ ನೋಡುತ್ತ, ನನ್ನ ಕಡೆ ತಿರುಗದೆಯೇ ಕೇಳಿದಳು.

"ಅವತ್ತ ನಾ ಆ ಬಾಟ್ಲಿ ಮುಟ್ಟದಿದ್ರ ಆಕಿ ಉಳೀತಿದ್ಲೇನ ಯವ್ವಾ?"

"ಇಲ್ರೀ ಆಯಿ," ಅಂದೆ. ಅವಳ ಮಾತು ಮುಗಿಯುವ ಮೊದಲೇ ಅಂದೆ. "ಆ ಜಡ್ಡು ಅಂಥಾದ್ದು."

ಆಯಿ ತಲೆಯಾಡಿಸಿದಳು. ಬಾಗಿ ಆ ಕಲ್ಲನ್ನೆತ್ತಿ, ಹೊಸ ಮಣ್ಣಿನ ಮೇಲಿಟ್ಟು, ನನ್ನ ತೋಳು ಹಿಡಿದುಕೊಂಡು ಮನೆಯ ಕಡೆ ನಡೆದಳು.

ಆ ಉಪ್ಪಿನಕಾಯಿಯನ್ನು ನಾನು ಒಂದೂವರೆ ವರ್ಷ ಉಂಡೆ. ಉಗುರಿನಷ್ಟಗಲ ತೆಗೆದುಕೊಂಡು, ಉಳಿಸಿ ಉಳಿಸಿ ಉಂಡೆ. ತಳದಲ್ಲಿ ಕಡೆಗೆ ಎರಡು ಹೋಳು ಉಳಿದವು. ಅವನ್ನು ತಿನ್ನಲಾಗಲಿಲ್ಲ. ಒಣಗಿ, ಕಪ್ಪಾಗಿ, ಪುಡಿಯಾಗಿ ಹೋದವು. ಆಮೇಲೆ ಎಷ್ಟೋ ಊರು ತಿರುಗಿದೆ, ಎಷ್ಟೋ ಹೆಂಗಸರ ಎದೆಯ ಮೇಲೆ ಕೈಯಿಟ್ಟು ನೋಡಿದೆ. ತೆಗೆದ ಗಂಟಿನ ಬಾಟಲಿಯನ್ನು ಒಂದು ಸಲವೂ ಕೈಬಿಡಲಿಲ್ಲ. ಹೆರಿಗೆಗೆ ಕರೆ ಬಂದರೆ ಬಾಟಲಿಯನ್ನೂ ಜೊತೆಗೆ ಒಯ್ದೆ. ಜನ ನಕ್ಕರು, ನಗಲಿ. ಆದರೆ ಅವರಲ್ಲಿ ಯಾರೂ ವೈನಿಯಾಗಿರಲಿಲ್ಲ.

ಆಯಿ ತೀರಿಕೊಂಡು ನಲವತ್ತು ವರ್ಷ ದಾಟಿತು, ಅಣ್ಣಾರೂ ಇಲ್ಲ. ಆಯಿಗೆ ಇಲ್ಲ ಅನ್ನಲು ನಾನಿದ್ದೆ. ಅದೇ ಮಾತನ್ನು ಈ ಎಪ್ಪತ್ತು ದಾಟಿದ ವಯಸ್ಸಿನಲ್ಲಿ ನಾನು ಕೇಳಿದರೆ ಇಲ್ಲ ಅನ್ನುವವರು ಯಾರಿದ್ದಾರೆ? ಒಬ್ಬಳಿದ್ದಳು. ನಾನು ಪ್ರಶ್ನೆ ಮುಗಿಸುವ ಮೊದಲೇ ಅಂದುಬಿಡುತ್ತಿದ್ದಳು, ಮೇಲೆ ಒಂದು ಚೇಷ್ಟೆಯ ಮಾತು ಸೇರಿಸಿ.

ಸೊಸೆಗೆ ಇಷ್ಟೆಲ್ಲ ಹೇಳಲಿಲ್ಲ. ಬಾಟಲಿಯನ್ನು ನಾನೇ ಬಿಸಿನೀರಿನಲ್ಲಿ ತೊಳೆದೆ. ಒರೆಸಿ, ಬಾಯಿ ಮೇಲೆ ಮಾಡಿ, ಕಿಟಕಿಯ ಕಟ್ಟೆಯ ಮೇಲೆ ನೆಟ್ಟಗೆ ನಿಲ್ಲಿಸಿದೆ. ಒಳಗೆ ತಳದಲ್ಲಿ ಒಂದಿಷ್ಟು ನೀರು ಹಾಗೇ ನಿಂತಿದೆ. ಆರುವಾಗ ಆರಲಿ.